ಅಪ್ಪನ ಯೆಜ್ಡಿಯಲ್ಲಿ ಎರಡು ದಿನದ ಪ್ರವಾಸ: ಯಾವ ಬ್ಯಾಗ್, ಎಲ್ಲಿ ಕಟ್ಟಲಿ?

ಯಾದವಗಿರಿ_86 (ಮೈಸೂರು)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. ಅಪ್ಪನ ಗಾಡಿ. ಅಪ್ಪ ಇದೇ ಯಾದವಗಿರಿಯಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. 1996ರಲ್ಲಿ ಅದು ಮುಚ್ಚುವವರೆಗೂ ಅಲ್ಲೇ ಇದ್ದರು. ಅವರು ತೀರಿಕೊಂಡ ಮೇಲೆ ಗಾಡಿ ಆರು ವರ್ಷ ಮನೆ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಹೋದ ವರ್ಷ ಎಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ವೈರಿಂಗ್ ಹೊಸದು ಹಾಕಿಸಿದೆ. ಈಗ ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್ ಸೆಟ್, 6 ವೋಲ್ಟ್ ಬ್ಯಾಟರಿ, ಎಲ್ಲಾ ಮೊದಲಿದ್ದ ಹಾಗೇ ಉಳಿಸಿಕೊಂಡಿದ್ದೇನೆ.

ಇಷ್ಟು ದಿನ ಶ್ರೀರಂಗಪಟ್ಟಣ, ಮೇಲುಕೋಟೆ ಅಂತ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದೆ. ಈಗ ಒಂದು ರಾತ್ರಿ ಉಳಿದು ಬರುವ ಹಾಗೆ ಮಡಿಕೇರಿ, ಭಾಗಮಂಡಲ, ತಲಕಾವೇರಿ ಮಾಡಬೇಕು ಅಂತ ಆಸೆ. ಒಬ್ಬನೇ ಹೋಗುವುದು. ಎರಡು ಜೊತೆ ಬಟ್ಟೆ, ರೇನ್‌ಕೋಟ್, ಟೂಲ್ಸ್, ಆಯಿಲ್, ಒಂದು ಕ್ಯಾಮೆರಾ. ಇಷ್ಟೇ.

ಪ್ರಶ್ನೆ ಏನೆಂದರೆ, ಇವನ್ನೆಲ್ಲ ಯಾವುದರಲ್ಲಿ ಹಾಕಿ ಎಲ್ಲಿ ಕಟ್ಟಲಿ? ಅಂಗಡಿಯಲ್ಲಿ ನೋಡಿದರೆ ಎಲ್ಲಾ ಬ್ಯಾಗೂ ಹೊಸ ಗಾಡಿಗಳ ಅಳತೆಗೆ ಮಾಡಿದವು. ಒಬ್ಬರು ಸೀಟಿನ ಎರಡೂ ಪಕ್ಕ ಇಳಿಬಿಡುವ ಸ್ಯಾಡಲ್ ಬ್ಯಾಗ್ ಅನ್ನುತ್ತಾರೆ, ಒಬ್ಬರು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವ ಟ್ಯಾಂಕ್ ಬ್ಯಾಗ್, ಇನ್ನೊಬ್ಬರು ಹಿಂದೆ ಕ್ಯಾರಿಯರ್ ಹಾಕಿಸಿ ಡಬ್ಬ ಕೂರಿಸು ಅನ್ನುತ್ತಾರೆ. ಒಂದೇ ಒಂದು ಷರತ್ತು: ಗಾಡಿಗೆ ಡ್ರಿಲ್ ಹಾಕುವುದಿಲ್ಲ, ವೆಲ್ಡಿಂಗ್ ಮಾಡಿಸುವುದಿಲ್ಲ. ಅಪ್ಪ ಬಿಟ್ಟು ಹೋದ ಹಾಗೇ ಇರಬೇಕು.

ಬೆಟ್ಟದ_ದಾರಿ (ಬೆಂಗಳೂರು)

ಸರ್, ಗಾಡಿ ಉಳಿಸಿಕೊಂಡಿದ್ದಕ್ಕೆ ಮೊದಲು ಒಂದು ಸಲಾಂ.

ನಾನಾಗಿದ್ದರೆ ಸ್ಯಾಡಲ್ ಬ್ಯಾಗ್ ತಗೊಳ್ಳುತ್ತಿದ್ದೆ. ಭಾರ ಕೆಳಗೆ ಇರುತ್ತದೆ, ಎರಡೂ ಕಡೆ ಸಮ ಇರುತ್ತದೆ, ಬೆನ್ನಿಗೆ ಏನೂ ತಾಗುವುದಿಲ್ಲ. ವಯಾಟೆರಾ, ರೈನಾಕ್ಸ್ ಇಬ್ಬರದ್ದೂ ಚೆನ್ನಾಗಿವೆ. ನನ್ನ ಬುಲೆಟ್‌ಗೆ ಸ್ಟೇ, ಅಂದರೆ ಪಕ್ಕದಲ್ಲಿ ಬ್ಯಾಗ್ ಹಿಡಿದಿಡುವ ಕಬ್ಬಿಣದ ಚೌಕಟ್ಟು, ಹಾಕಿಸಿ ಅದರ ಮೇಲೆ ಬ್ಯಾಗ್ ಹಾಕಿದ್ದೇನೆ. ನಾಲ್ಕು ವರ್ಷದಿಂದ ಏನೂ ತೊಂದರೆ ಆಗಿಲ್ಲ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮಾತ್ರ ಹೋಗಬೇಡಿ. ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತದೆ.

ಹಾಸನದ_ಹಳೇ_ಗಾಡಿ (ಹಾಸನ)

ಯಾದವಗಿರಿ ಅವರೇ, ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತಿ ಆದವನು. 1989ರ ರೋಡ್‌ಕಿಂಗ್ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಟ್ಟದ ದಾರಿಯವರು ಹೇಳಿದ್ದು ಬುಲೆಟ್‌ಗೆ ಸರಿ. ಬುಲೆಟ್‌ಗೆ ಸೈಲೆನ್ಸರ್ ಒಂದೇ ಕಡೆ. ನಮ್ಮ ಯೆಜ್ಡಿಗೆ ಎರಡೂ ಕಡೆ ಇದೆ. ಸ್ಯಾಡಲ್ ಬ್ಯಾಗ್ ಯಾವ ಕಡೆ ಇಳಿಬಿಟ್ಟರೂ ಕೆಳಗೆ ಬಿಸಿ ಕೊಳವೆ ಕಾಯುತ್ತಿರುತ್ತದೆ. ನಾನು 2009ರಲ್ಲಿ ಇದೇ ತಪ್ಪು ಮಾಡಿದೆ. ನೈಲಾನ್ ಬ್ಯಾಗ್ ತಂದು, ಮನೆ ಮುಂದೆ ಕಟ್ಟಿ ನೋಡಿದಾಗ ಸೈಲೆನ್ಸರಿಗೂ ಬ್ಯಾಗಿಗೂ ನಾಲ್ಕು ಬೆರಳು ಜಾಗ ಇತ್ತು. ಸಾಕು ಅಂದುಕೊಂಡೆ. ಸಾಮಾನು ತುಂಬಿ, ಬೇಲೂರು ದಾಟಿ ಮೂಡಿಗೆರೆ ಹತ್ತಿರ ಬರುವಾಗ ಏನೋ ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಇರಬೇಕು ಅಂತ ನಿಲ್ಲಿಸಿ ನೋಡಿದರೆ ಎಡಗಡೆ ಬ್ಯಾಗಿನ ತಳ ಕರಗಿ ಸೈಲೆನ್ಸರಿಗೆ ಅಂಟಿಕೊಂಡಿದೆ. ಒಳಗಿದ್ದ ಸ್ವೆಟರಿನ ತೋಳು ಕಪ್ಪಾಗಿದೆ. ಖಾಲಿ ಬ್ಯಾಗ್ ನಿಂತ ಹಾಗೆ ತುಂಬಿದ ಬ್ಯಾಗ್ ನಿಲ್ಲುವುದಿಲ್ಲ. ಗುಂಡಿಯಲ್ಲಿ ಕುಲುಕಿದಾಗೆಲ್ಲ ಸ್ವಲ್ಪ ಸ್ವಲ್ಪ ಜೋತು ಬೀಳುತ್ತದೆ. ಅದನ್ನು ನಾನು ಲೆಕ್ಕ ಹಾಕಿರಲಿಲ್ಲ.

ಇನ್ನೊಂದು ವಿಷಯ. ನಮ್ಮದು ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್, ಅದರ ಸೈಲೆನ್ಸರಿನ ಬಾಲದಿಂದ ಸುಟ್ಟ ಎಣ್ಣೆ ಸಣ್ಣಗೆ ಉಗುಳುತ್ತಲೇ ಇರುತ್ತದೆ. ಬ್ಯಾಗಿನ ಹಿಂದಿನ ಮೂಲೆ ಒಂದೇ ಪ್ರಯಾಣಕ್ಕೆ ಕರ್ರಗಾಗುತ್ತದೆ. ಆ ಕಲೆ ಹೋಗುವುದಿಲ್ಲ.

ಸ್ಟೇ ಹಾಕಿಸಿದರೆ ಬಿಸಿಯ ತೊಂದರೆ ತಪ್ಪಿಸಬಹುದು, ನಿಜ. ಆದರೆ ರೋಡ್‌ಕಿಂಗ್‌ಗೆ ಅಂತ ಸಿದ್ಧ ಸ್ಟೇ ನಾನಂತೂ ಅಂಗಡಿಯಲ್ಲಿ ನೋಡಿಲ್ಲ. ಮಾಡಿಸಬೇಕು. ನೀವು ವೆಲ್ಡಿಂಗ್ ಬೇಡ ಅಂದಿದ್ದೀರಿ. ಆ ಮಾತು ನನಗೆ ತುಂಬಾ ಹಿಡಿಸಿತು.

ಟ್ಯಾಂಕ್ ಬ್ಯಾಗ್ ನೋಡೋಣ. ನಮ್ಮದು ಕಬ್ಬಿಣದ ಟ್ಯಾಂಕು, ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ಅಷ್ಟೇ ಗಟ್ಟಿಯಾಗಿ ಅಡಿಯಲ್ಲಿ ಧೂಳನ್ನೂ ಹಿಡಿದು ಪೇಂಟ್ ಉಜ್ಜುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನಾವು ಪೆಟ್ರೋಲ್ ಹಾಕಿಸಿದಾಗಲೆಲ್ಲ ಟ್ಯಾಂಕಿಗೆ ಆಯಿಲ್ ಬೆರೆಸಬೇಕು ಅಲ್ವಾ? ಬಂಕಿನಲ್ಲಿ ಹಿಂದೆ ಹತ್ತು ಗಾಡಿ ಸಾಲು ನಿಂತಿರುತ್ತದೆ. ಬ್ಯಾಗ್ ಎತ್ತಿ, ಎಲ್ಲಿಡಲಿ ಅಂತ ನೋಡಿ, ಮುಚ್ಚಳ ತೆಗೆದು, ಆಯಿಲ್ ಅಳೆದು ಸುರಿದು, ಒರೆಸಿ, ಮತ್ತೆ ಬ್ಯಾಗ್ ಕೂರಿಸುವುದು. ಫೋರ್ ಸ್ಟ್ರೋಕ್ ಗಾಡಿಯವರಿಗೆ ಈ ಕಷ್ಟ ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಟೂ ಸ್ಟ್ರೋಕ್‌ಗೆ ಟ್ಯಾಂಕ್ ಬ್ಯಾಗ್ ಬೇಡ.

ಇನ್ನು ಕ್ಯಾರಿಯರ್. ಇದಕ್ಕೆ ಮಾತ್ರ ನಾನು ಖಂಡಿತ ಬೇಡ ಅನ್ನುತ್ತೇನೆ. ಹಿಂದಿನ ಚಕ್ರದ ಆಕ್ಸಲ್‌ಗಿಂತ ಹಿಂದೆ ಇಡುವ ಪ್ರತಿ ಕಿಲೋ ಮುಂದಿನ ಚಕ್ರವನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಏತದ ಹಾಗೆ. ಒಂದು ಸಲ ಕ್ಯಾರಿಯರ್ ಮೇಲೆ ಹದಿನಾರು ಕಿಲೋ ಕಟ್ಟಿಕೊಂಡು ಧರ್ಮಸ್ಥಳಕ್ಕೆ ಹೋಗಿದ್ದೆ. ಚಾರ್ಮಾಡಿ ಇಳಿಯುವಾಗ ಅಷ್ಟು ಗೊತ್ತಾಗಲಿಲ್ಲ. ವಾಪಸ್ ಹತ್ತುವಾಗ ತಿರುವಿನಲ್ಲಿ ಹ್ಯಾಂಡಲ್ ಹಗುರವಾಗಿ, ನಾನು ತಿರುಗಿಸಿದ ಕಡೆ ಗಾಡಿ ತಿರುಗದೆ ಹೊರಗೆ ಹೋಗಲು ನೋಡುತ್ತಿತ್ತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ನೀರು ದೋಸೆ ಮುಂದಿಟ್ಟುಕೊಂಡು ಕೂತರೂ ಕೈ ನಡುಗುವುದು ನಿಂತಿರಲಿಲ್ಲ. ಊರಿಗೆ ಬಂದು ನೋಡಿದರೆ ಕ್ಯಾರಿಯರಿನ ಒಂದು ವೆಲ್ಡ್ ಅರ್ಧ ಬಿಟ್ಟುಕೊಂಡಿತ್ತು. ಅವತ್ತೇ ಬಿಚ್ಚಿ ಹಾಕಿದೆ.

ಹಾಗಾದರೆ ಎಲ್ಲಿ? ನಿಮ್ಮ ಬೆನ್ನಿನ ಹಿಂದೆ, ಸೀಟಿನ ಮೇಲೆ. ಒಬ್ಬರೇ ಹೋಗುತ್ತೀರಲ್ಲ, ಹಿಂದಿನ ಸೀಟು ಪೂರ್ತಿ ಖಾಲಿ. ಅದು ಅರವತ್ತು ಎಪ್ಪತ್ತು ಕಿಲೋ ಮನುಷ್ಯ ಕೂರಲಿ ಅಂತ ಮಾಡಿದ ಜಾಗ. ಅದರ ಕೆಳಗೇ ಎರಡು ಶಾಕ್ ಅಬ್ಸಾರ್ಬರ್ ಇವೆ. ಎಂಟು ಹತ್ತು ಕಿಲೋ ಅದಕ್ಕೆ ಲೆಕ್ಕಕ್ಕೇ ಇಲ್ಲ. ಉದ್ದನೆಯ ಗುಂಡು ಬ್ಯಾಗ್, ಅದೇ ಮಿಲಿಟರಿಯವರ ಕಿಟ್ ಬ್ಯಾಗಿನ ತರಹದ್ದು, ಅಡ್ಡಡ್ಡ ಮಲಗಿಸಿ. 30ರಿಂದ 35 ಲೀಟರ್ ಸಾಕು. ದೊಡ್ಡದು ತಂದರೆ ಅದನ್ನು ತುಂಬಿಸುವವರೆಗೆ ಮನಸ್ಸು ಬಿಡುವುದಿಲ್ಲ. ಸೀಟಿನ ಅಗಲ ಅಳೆದುಕೊಂಡು ಹೋಗಿ. ಎರಡೂ ಪಕ್ಕ ಒಂದೊಂದು ಗೇಣಿಗಿಂತ ಕಡಿಮೆ ಹೊರಗೆ ಬರಬೇಕು.

ನನ್ನ ಬ್ಯಾಗ್ ಹಾಸನದಲ್ಲೇ ಹೊಲಿಸಿದ್ದು. ಲಾರಿಗೆ ಟಾರ್ಪಾಲ್ ಹೊಲಿಯುವವರ ಹತ್ತಿರ ಹೋಗಿ, ದಪ್ಪ ಕ್ಯಾನ್ವಾಸ್, ಮೇಲೆ ಉದ್ದಕ್ಕೆ ಜಿಪ್, ಎರಡೂ ತುದಿಗೆ ಪಟ್ಟಿ ತೂರಿಸುವ ಬಳೆ ಹಾಕಿಸಿದೆ. ಒಟ್ಟು 950 ರೂಪಾಯಿ ಆಯಿತು. ಹನ್ನೊಂದು ವರ್ಷ ಆಗಿದೆ, ಜಿಪ್ ಒಂದು ಸಲ ಬದಲಾಯಿಸಿದ್ದೇನೆ. ನಿಮಗೂ ಮೈಸೂರಿನಲ್ಲಿ ಸೀಟ್ ಕವರ್, ಟಾರ್ಪಾಲ್ ಹೊಲಿಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಗಾಡಿ ತೆಗೆದುಕೊಂಡೇ ಹೋಗಿ, ಅವರ ಮುಂದೆ ನಿಲ್ಲಿಸಿ ಅಳತೆ ಕೊಡಿ.

ಕಟ್ಟುವುದು ಬ್ಯಾಗಿಗಿಂತ ಮುಖ್ಯ. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ನಾನು ಬಳಸುವುದಿಲ್ಲ. ಎಳೆದು ಹಾಕುವಾಗ ಕೈ ಜಾರಿದರೆ ಕೊಕ್ಕೆ ನೇರ ಕಣ್ಣಿಗೆ ಬರುತ್ತದೆ. ದಾರಿಯಲ್ಲಿ ಕಳಚಿದರೆ ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಗಾಡಿಗೆ ಚೈನ್ ಪೂರ್ತಿ ಕವರಿನ ಒಳಗಿದೆ, ಆ ಕಡೆಯ ಭಯ ಇಲ್ಲ. ಕಡ್ಡಿ ಮಾತ್ರ ಬಯಲಲ್ಲೇ ಇದೆ. ಬಕಲ್ ಇರುವ ಗಟ್ಟಿ ಪಟ್ಟಿ ನಾಲ್ಕು ತಗೊಳ್ಳಿ. ಮುಂದಿನ ಎರಡು, ಸೀಟಿನ ಅಡಿಯ ಫ್ರೇಮಿಗೆ. ಹಿಂದಿನ ಎರಡು, ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿಕೆಗೆ. ಇಂಡಿಕೇಟರಿಗೂ ಮಡ್‌ಗಾರ್ಡಿಗೂ ಕಟ್ಟಬೇಡಿ. ಕೊನೆಗೆ ಮೇಲಿಂದ ಒಂದು ಸುತ್ತು ಹಳೇ ಟ್ಯೂಬ್ ಸೀಳಿದ ರಬ್ಬರ್ ಪಟ್ಟಿ ಬಿಗಿಯಿರಿ, ಹಾಲಿನ ಕ್ಯಾನಿಗೆ ಕಟ್ಟುತ್ತಾರಲ್ಲ ಅದು. ಬ್ಯಾಗ್ ಎಷ್ಟು ಕುಗ್ಗಿದರೂ ರಬ್ಬರ್ ಅದರ ಜೊತೆಗೇ ಕುಗ್ಗಿ ಹಿಡಿದುಕೊಳ್ಳುತ್ತದೆ. ಪಟ್ಟಿಗಳ ಬಾಲ ಮಡಚಿ ಒಳಗೆ ಸಿಕ್ಕಿಸಿ. ಇಪ್ಪತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ, ಮತ್ತೆ ಬಿಗಿ ಮಾಡಿ.

ಕಟ್ಟಿದ ಮೇಲೆ ಬ್ಯಾಗ್ ಹಿಡಿದು ಜೋರಾಗಿ ಅಲ್ಲಾಡಿಸಿ. ಬ್ಯಾಗ್ ಜೊತೆ ಇಡೀ ಗಾಡಿ ಅಲ್ಲಾಡಬೇಕು. ಬ್ಯಾಗ್ ಒಂದೇ ಅಲ್ಲಾಡಿದರೆ ಇನ್ನೂ ಬಿಗಿ ಬೇಕು ಅಂತ ಅರ್ಥ.

ಆಯಿಲ್ ಮಾತ್ರ ಬಟ್ಟೆಯ ಜೊತೆ ಇಡಬೇಡಿ. ಲೆಕ್ಕ ಹಾಕಿ ನೋಡಿ. ಮಡಿಕೇರಿ ತಲಕಾವೇರಿ ಹೋಗಿ ಬರಲು ಸುಮಾರು 350 ಕಿಲೋಮೀಟರ್. ಲೀಟರಿಗೆ 28 ಹಿಡಿದರೆ ಹನ್ನೆರಡೂವರೆ ಲೀಟರ್ ಪೆಟ್ರೋಲ್. ನಾನು ಲೀಟರಿಗೆ 40 ಎಂ.ಎಲ್. ಹಾಕುತ್ತೇನೆ, ಅಂದರೆ ಅರ್ಧ ಲೀಟರ್ ಆಯಿಲ್. ಮೊದಲಾದರೆ ಬಂಕಿನಲ್ಲೇ ಆಯಿಲ್ ಬೆರೆಸಿ ಕೊಡುತ್ತಿದ್ದರು. ಈಗ ಎಲ್ಲಾ ಬಂಕಿನಲ್ಲೂ ಸಿಗುತ್ತದೆ ಅಂತ ನಂಬಿಕೊಂಡು ಹೋಗುವ ಹಾಗಿಲ್ಲ. ಮನೆಯಿಂದಲೇ ಒಯ್ಯಿರಿ. ಅಳೆಯುವುದಕ್ಕೆ ಮಗುವಿಗೆ ಹಾಲು ಕುಡಿಸುವ ಬಾಟಲಿ ತುಂಬಾ ಒಳ್ಳೆಯದು, ಎಂ.ಎಲ್. ಗೆರೆ ಅದರಲ್ಲೇ ಇರುತ್ತದೆ. ಆ ಗಾಡಿ ನಡುಗುವ ನಡುಕಕ್ಕೆ ಎಂಥಾ ಮುಚ್ಚಳವೂ ಸಡಿಲ ಆಗುತ್ತದೆ. ಅದಕ್ಕೇ ಬಾಟಲಿಗೆ ಎರಡು ಕವರ್ ಸುತ್ತಿ, ಬೇರೆಯೇ ಸಣ್ಣ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ.

ಕೊಡಗಿನ_ಮಳೆ (ಸುಂಟಿಕೊಪ್ಪ)

ಹಾಸನದ ಸರ್ ಬರೆದದ್ದಕ್ಕೆ ಒಂದೇ ಒಂದು ಸೇರಿಸುತ್ತೇನೆ. ನನ್ನದು ಆರ್‌ಎಕ್ಸ್ 100 ಬೈಕ್. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ದಿನಾ ಅದರಲ್ಲೇ ಓಡಾಡುವವಳು.

ನೀವು ಬರುತ್ತಿರುವುದು ಕೊಡಗಿಗೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಆದರೆ ಬ್ಯಾಗಿನ ಮೇಲೆ ಹಾಕುವ ರೇನ್ ಕವರ್ ನಂಬಬೇಡಿ. ಗಾಳಿಗೆ ಪಟಪಟ ಹೊಡೆದುಕೊಂಡು ಒಂದು ಮೂಲೆಯಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಳ್ಳದಿದ್ದರೂ ಚಕ್ರ ಎರಚುವ ನೀರು ಅಡಿಯಿಂದ ಹೋಗಿ ಕವರಿನ ತಳದಲ್ಲೇ ನಿಲ್ಲುತ್ತದೆ. ಬ್ಯಾಗ್ ಆ ನೀರಿನಲ್ಲಿ ಕೂತ ಹಾಗೆ ಆಗುತ್ತದೆ. ಮಳೆಯನ್ನು ಒಳಗಿನಿಂದ ತಡೆಯಬೇಕು. ನಾವು ಗೊಬ್ಬರದ ಚೀಲದ ಒಳಗೆ ಬರುವ ದಪ್ಪ ಪ್ಲಾಸ್ಟಿಕ್ ತೊಳೆದು ಒಣಗಿಸಿ ಇಟ್ಟುಕೊಂಡಿರುತ್ತೇವೆ. ಅದನ್ನು ಬ್ಯಾಗಿನ ಒಳಗೆ ಹಾಸಿ, ಬಟ್ಟೆ ತುಂಬಿ, ಗಾಳಿ ಒತ್ತಿ ತೆಗೆದು, ಬಾಯಿ ಮೂರು ಸುತ್ತು ಸುರುಳಿ ಸುತ್ತಿ ಕಟ್ಟಿದರೆ ಆಯಿತು. ಕ್ಯಾನ್ವಾಸ್ ನೆಂದು ತೊಪ್ಪೆಯಾದರೂ ಒಳಗೆ ಒಣಗೇ ಇರುತ್ತದೆ. ಕ್ಯಾಮೆರಾಕ್ಕೆ ಮಾತ್ರ ಬೇರೆ ಡ್ರೈ ಬ್ಯಾಗ್ ತಗೊಳ್ಳಿ.

ರೇನ್‌ಕೋಟ್ ಬ್ಯಾಗಿನೊಳಗೆ ಹಾಕಬೇಡಿ. ಮೇಲಿನ ರಬ್ಬರ್ ಪಟ್ಟಿಯ ಅಡಿ ಸಿಕ್ಕಿಸಿ. ಕುಶಾಲನಗರದಲ್ಲಿ ಬಿಸಿಲಿರುತ್ತದೆ, ಇಲ್ಲಿಗೆ ಬರುವಷ್ಟರಲ್ಲಿ ಸುರಿಯುತ್ತಿರುತ್ತದೆ. ಮಳೆಯಲ್ಲಿ ನಿಂತು ಬ್ಯಾಗ್ ಬಾಯಿ ತೆರೆದರೆ ಪ್ಲಾಸ್ಟಿಕ್ ಹಾಕಿದ್ದೂ ಸುಮ್ನೆ.

ಮುಂದೆ ಯಾವಾಗಲಾದರೂ ಊಟಿ ಕಡೆ ಹೋಗುವುದಾದರೆ ನೀರಿಗೆ ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ನೀಲಗಿರಿ ಚೆಕ್‌ಪೋಸ್ಟಿನಲ್ಲಿ ಒಂದೆರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ಬಿಡುವುದಿಲ್ಲ.

ಯಾದವಗಿರಿ_86 (ಮೈಸೂರು)

ಇಷ್ಟು ಅಕ್ಕರೆಯಿಂದ ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಸನದ ಸರ್, ನಿಮ್ಮ ಉತ್ತರ ಅಮ್ಮನಿಗೂ ಓದಿ ಹೇಳಿದೆ. ಹಾಲಿನ ಬಾಟಲಿಯ ವಿಷಯ ಕೇಳಿದ ತಕ್ಷಣ ಅಮ್ಮ ಎದ್ದು ಹೋಗಿ ಅಟ್ಟದ ಡಬ್ಬದಿಂದ ಒಂದು ಗಾಜಿನ ಬಾಟಲಿ ತಂದರು. ನನ್ನದೇ ಅಂತೆ. ನಾನು ಅದನ್ನು ಬಿಟ್ಟ ಮೇಲೆ ಅಪ್ಪ ಆಯಿಲ್ ಅಳೆಯಲು ಇಟ್ಟುಕೊಂಡಿದ್ದರಂತೆ. ಗಾಜಿನದಾದ್ದರಿಂದ ಅದನ್ನು ಮನೆಯಲ್ಲೇ ಇಡುತ್ತೇನೆ, ದಾರಿಗೆ ಬೇರೆ ತಗೊಳ್ಳುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ಟೂಲ್ಸ್ ಮತ್ತು ಸ್ಪೇರ್ ಎಲ್ಲಿ ಇಡಲಿ? ಅದೇ ಎರಡೂವರೆ ಕಿಲೋ ಇದೆ. ಎರಡನೆಯದು, ಮುಂದೆ ಒಂದು ಸಲ ಹೆಂಡತಿಯೂ ಬರುತ್ತಾಳೆ. ಆಗ ಸೀಟು ಖಾಲಿ ಇರುವುದಿಲ್ಲವಲ್ಲ?

ಹಾಸನದ_ಹಳೇ_ಗಾಡಿ (ಹಾಸನ)

ಆ ಬಾಟಲಿ ಜೋಪಾನವಾಗಿ ಇಡಿ.

ಟೂಲ್ಸ್ ವಿಷಯ. ಭಾರದ ಸಾಮಾನು ಮುಂದಕ್ಕೆ, ಕೆಳಕ್ಕೆ ಬರಬೇಕು. ನಾನು ಎಂಜಿನ್ ಮುಂದಿನ ಕ್ರ್ಯಾಶ್ ಗಾರ್ಡಿನ ಬಲಗಡೆ ಒಂದು ಸಣ್ಣ ಕ್ಯಾನ್ವಾಸ್ ಚೀಲ ಬಿಗಿದಿದ್ದೇನೆ. ಪ್ಲಗ್ ಸ್ಪ್ಯಾನರ್, ಎರಡು ಸ್ಪಾರ್ಕ್ ಪ್ಲಗ್, ಪಾಯಿಂಟ್ ಸೆಟ್, ಕಂಡೆನ್ಸರ್, ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ಫೀಲರ್ ಗೇಜ್, ಬಲ್ಬು, ಒಂದು ಹಿಡಿ ವೇಸ್ಟ್ ಬಟ್ಟೆ. ಎಡಗಡೆ ಅಂಥದ್ದೇ ಚೀಲದಲ್ಲಿ ಆಯಿಲ್ ಬಾಟಲಿ. ಚೀಲ ಹೊರಮಗ್ಗುಲಿಗೆ ಇರಲಿ. ಸಿಲಿಂಡರಿಗೆ ಗಾಳಿ ಬಡಿಯುವ ಜಾಗಕ್ಕೆ ಅಡ್ಡ ಬರಬಾರದು. ನಮ್ಮದು ಗಾಳಿಯಿಂದಲೇ ತಣ್ಣಗಾಗುವ ಎಂಜಿನ್, ಘಟ್ಟ ಹತ್ತುವಾಗ ಅದಕ್ಕೆ ಗಾಳಿ ಬೇಕೇ ಬೇಕು. ಸೈಲೆನ್ಸರಿನ ಬೆಂಡ್ ಪೈಪಿಗೂ ತಾಗಬಾರದು. ಕೈಯಿಟ್ಟು ನೋಡಿ ಖಾತ್ರಿ ಮಾಡಿಕೊಳ್ಳಿ, ಎಂಜಿನ್ ತಣ್ಣಗಿದ್ದಾಗ.

ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಎರಡನ್ನೂ ಚೀಲದಲ್ಲಿ ಹಾಕುವ ಅಗತ್ಯ ಇಲ್ಲ. ಈಗಿರುವ ಕೇಬಲ್ ಪಕ್ಕದಲ್ಲೇ ಹೊಸದನ್ನು ಎಳೆದು, ಎರಡೂ ತುದಿಗೆ ಟೇಪ್ ಸುತ್ತಿ ಕಟ್ಟಿಡಿ. ತುಂಡಾದ ದಿನ ತುದಿ ಬದಲಾಯಿಸಿದರೆ ಐದು ನಿಮಿಷದ ಕೆಲಸ.

ಟ್ಯೂಬು, ಟೈರ್ ಲಿವರ್, ಪಂಪ್ ದೊಡ್ಡ ಬ್ಯಾಗಿನ ತಳದಲ್ಲಿ. ನಮ್ಮ ಗಾಡಿಯ ಹಿಂದಿನ ಚಕ್ರ ಚೈನ್ ಬಿಚ್ಚದೆ ತೆಗೆಯಬಹುದು, ಅದೊಂದು ಪುಣ್ಯ. ಸ್ಯಾಡಲ್ ಬ್ಯಾಗ್ ಇದ್ದಿದ್ದರೆ ಪಂಕ್ಚರ್ ಆದಾಗ ಮೊದಲು ಅದನ್ನು ಬಿಚ್ಚಬೇಕಿತ್ತು. ಸೀಟಿನ ಮೇಲಿನ ಬ್ಯಾಗನ್ನೂ ಇಳಿಸಿಯೇ ಸೆಂಟರ್ ಸ್ಟ್ಯಾಂಡ್ ಹಾಕಿ. ಹಿಂದೆ ಭಾರ ಇಟ್ಟುಕೊಂಡು ಎತ್ತಲು ಹೋಗಿ ಸೊಂಟ ಹಿಡಿದವರನ್ನು ಡಿಪೋದಲ್ಲಿ ನೋಡಿದ್ದೇನೆ.

ಇಬ್ಬರು ಹೋಗುವಾಗಿನ ಮಾತು ಬೇರೆ. ಆಗ ಸಾಮಾನನ್ನೇ ಇಳಿಸಬೇಕು. ಹಳೇ ಡ್ರಮ್ ಬ್ರೇಕು, 250 ಸಿಸಿ, ಇಬ್ಬರು, ಅದರ ಮೇಲೆ ಎರಡು ಬ್ಯಾಗು ಅಂದರೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದು ಕಷ್ಟ. ನಾನು ಮತ್ತು ನಮ್ಮ ಮನೆಯವರು ಹೋಗುವಾಗ ಒಂದೇ ಬ್ಯಾಗ್, ಇಬ್ಬರಿಗೂ ಸೇರಿ ಐದು ಕಿಲೋ. ಅದನ್ನು ಇಬ್ಬರ ನಡುವೆ ಚಪ್ಪಟೆಯಾಗಿ ಇಡುತ್ತೇವೆ. ಅವರಿಗೆ ಕೂರಲು ಜಾಗ ಸ್ವಲ್ಪ ಕಡಿಮೆ ಆಗುತ್ತದೆ, ಅದಕ್ಕೆ ನಲವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸುತ್ತೇವೆ. ಉಳಿಯುವ ಕಡೆ ರಾತ್ರಿ ಬಟ್ಟೆ ಒಗೆದು ಹರಡಿಬಿಡುತ್ತಾರೆ.

ಹೊರಡುವ ಹಿಂದಿನ ದಿನ ಬ್ಯಾಗ್ ತೂಕ ಹಾಕಿ. ಒಬ್ಬರೇ ಆದರೆ ಎಂಟು ಕಿಲೋ ದಾಟಬಾರದು ಅಂತ ನನ್ನ ಲೆಕ್ಕ. ಬೆಳಕಿರುವಾಗಲೇ ಊರು ಸೇರಿ. 6 ವೋಲ್ಟ್ ಲೈಟಿನಲ್ಲಿ ಘಟ್ಟದ ರಸ್ತೆ ಬೇಡ.

ಯಾದವಗಿರಿ_86 (ಮೈಸೂರು)

ಹೋಗಿ ಬಂದೆ.

ಮನ್ನಾರ್ಸ್ ಮಾರ್ಕೆಟ್ ಹತ್ತಿರ ಒಬ್ಬರು ಹೊಲಿದು ಕೊಟ್ಟರು. ಹಸಿರು ಕ್ಯಾನ್ವಾಸ್, 32 ಲೀಟರ್ ಆಗಬಹುದು. ಗಾಡಿ ನೋಡಿ, ಇದು ಇಲ್ಲೇ ಮಾಡಿದ್ದಲ್ವಾ ಅಂತ ಹಿಂದೆ ಮುಂದೆ ಸುತ್ತು ಹಾಕಿ ಆಮೇಲೆ ಅಳತೆ ಹಿಡಿದರು. ತೂಕ ಹಾಕಿದಾಗ ಮೊದಲು ಹನ್ನೊಂದೂವರೆ ಕಿಲೋ ಬಂತು. ಒಂದು ಪ್ಯಾಂಟು, ಇನ್ನೊಂದು ಜೊತೆ ಶೂ, ಕ್ಯಾಮೆರಾದ ದೊಡ್ಡ ಲೆನ್ಸು ತೆಗೆದೆ. 7 ಕಿಲೋ 400 ಗ್ರಾಂಗೆ ನಿಂತಿತು.

ಹುಣಸೂರಿನಲ್ಲಿ ನಿಲ್ಲಿಸಿ ಪಟ್ಟಿ ನೋಡಿದೆ, ಎಡಗಡೆಯದು ಎರಡು ಬೆರಳು ಸಡಿಲ ಆಗಿತ್ತು. ಆಮೇಲೆ ತಲಕಾವೇರಿವರೆಗೂ ಅಲ್ಲಾಡಲಿಲ್ಲ. ಬೆನ್ನಿಗೆ ಒರಗು ದಿಂಬು ಇಟ್ಟ ಹಾಗೆ ಇತ್ತು. ಸುಂಟಿಕೊಪ್ಪದಲ್ಲಿ ಮೇಡಂ ಹೇಳಿದ ಹಾಗೇ ಮಳೆ ಶುರುವಾಯಿತು. ರೇನ್‌ಕೋಟ್ ಕೈಗೇ ಸಿಕ್ಕಿತು. ಮಡಿಕೇರಿಯಲ್ಲಿ ರೂಮಿಗೆ ಹೋಗಿ ಬ್ಯಾಗ್ ಬಿಚ್ಚಿದರೆ ಕ್ಯಾನ್ವಾಸ್ ಹಿಂಡಿದರೆ ನೀರು ಬರುತ್ತಿತ್ತು, ಒಳಗಿನ ಶರ್ಟು ಇಸ್ತ್ರಿಯ ಬಿಸಿ ಒಂದಿಲ್ಲ ಅನ್ನುವುದು ಬಿಟ್ಟರೆ ಹಾಗೇ ಇತ್ತು.

ಒಂದು ತೊಂದರೆ ಮಾತ್ರ. ಕಿಕ್ಕೂ ಗೇರೂ ಒಂದೇ ಲಿವರ್ ಎಡಗಡೆ ಇದೆಯಲ್ಲ, ಗೇರ್ ಹಾಕುವಾಗ ಶೂ ತುದಿ ಆಯಿಲ್ ಚೀಲಕ್ಕೆ ತಾಗುತ್ತಿತ್ತು. ಮೂರು ಇಂಚು ಮೇಲಕ್ಕೆ ಸರಿಸಿ ಕಟ್ಟಿದ್ದೇನೆ. ಹಾಸನದ ಸರ್, ನಿಮ್ಮ ಗಾಡಿಯಲ್ಲಿ ಆ ಚೀಲ ಎಷ್ಟು ಎತ್ತರದಲ್ಲಿದೆ, ಒಂದು ಫೋಟೋ ಹಾಕುತ್ತೀರಾ?